ಋತುಮಾನವೂ ಮನೆಯ ಇಂಧನದ ವೆಚ್ಚವೂ

ಮನೆವಾರ್ತೆಯ ಲೆಕ್ಕವನ್ನು ಬರೆದಿಡುವ ಗೃಹಸ್ಥರು ನಮ್ಮ ಘಟ್ಟದ ಮೇಲಿನ ಸೀಮೆಯಲ್ಲಿ ಮೊದಲಿನಿಂದಲೂ ಇದ್ದಾರೆ. ಅಕ್ಕಿ-ಬೇಳೆಗಳಿಗೆ ಇಷ್ಟು, ಬಟ್ಟೆ-ಬರೆಗಳಿಗೆ ಇಷ್ಟು, ಮಕ್ಕಳ ವಿದ್ಯಾಭ್ಯಾಸಕ್ಕೆ ಇಷ್ಟು, ತೋಟದ ಆಳುಗಳ ಕೂಲಿಗೆ ಇಷ್ಟು ಎಂದು ವರ್ಷದ ಮೊದಲಲ್ಲಿಯೇ ಅಂದಾಜು ಮಾಡುವ ವಾಡಿಕೆಯು ಅನೇಕ ಮನೆಗಳಲ್ಲಿ ಉಂಟು. ಆದರೆ ಒಲೆಯ ಬೆಂಕಿಗೂ, ದೀಪದ ಬೆಳಕಿಗೂ, ಬಚ್ಚಲಿನ ಬಿಸಿನೀರಿಗೂ ವರ್ಷಕ್ಕೆ ಎಷ್ಟು ತಗಲುವದೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಕಟ್ಟಿಗೆಯು ಬೆಟ್ಟದಿಂದ ಬರುವದು. ಅನಿಲವು ಕೊಟ್ಟಿಗೆಯ ಸಗಣಿಯಿಂದ ಹುಟ್ಟುವದು. ವಿದ್ಯುತ್ತಿನ ಬಿಲ್ಲು ಎಷ್ಟೋ ತಿಂಗಳು ಸೊನ್ನೆಯಾಗಿಯೇ ಬರುವದು. ಹೀಗಿರಲು ಲೆಕ್ಕವಿಡುವದೇತಕ್ಕೆ ಎಂಬದು ಅನೇಕರ ಭಾವನೆ. ಈ ಭಾವನೆಯು ಎಷ್ಟರ ಮಟ್ಟಿಗೆ ಸರಿ, ಎಲ್ಲಿ ತಪ್ಪುವದು ಎಂಬದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಸೀಮೆಯ ಸಂಸಾರಗಳ ಆಯವ್ಯಯಕ್ಕೆ ಒಂದು ವಿಶೇಷವುಂಟು. ಹಣವು ಬರುವ ಕಾಲ ಒಂದು, ಹೋಗುವ ಕಾಲ ಮತ್ತೊಂದು. ಅಡಿಕೆಯನ್ನು ಕೊಯ್ದು, ಸುಲಿದು, ಒಣಗಿಸಿ, ವಖಾರಿಗೆ ಸಾಗಿಸಿ, ವಿಕ್ರಿಯಾದ ಬಳಿಕವಷ್ಟೇ ಹಣದ ಮುಖವನ್ನು ಕಾಣುವದು. ೧೯೨೩ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂಥ ಸಹಕಾರಿ ಸಂಘಗಳ ಖಾತೆಯಲ್ಲಿ ಜಮೆಯ ಅಂಕಣವು ತುಂಬುವದು ಆ ಕಾಲಕ್ಕೆ. ಖರ್ಚಿನ ಅಂಕಣವಾದರೋ ಜೂನ್ ತಿಂಗಳಿನಿಂದ ಬೆಳೆಯಲಾರಂಭಿಸುವದು. ಮಕ್ಕಳ ಶಾಲೆಯ ಶುಲ್ಕ, ಮಳೆಗಾಲದ ದಿನಸಿನ ದಾಸ್ತಾನು, ಕೊಳೆರೋಗವನ್ನು ತಡೆಯಲು ಕೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕೂಲಿ ಇವೆಲ್ಲ ಒಮ್ಮೆಲೆ ಬಂದು ಎದುರಿಗೆ ನಿಲ್ಲುವವು. ಅದೇ ಕಾಲದಲ್ಲಿ ಕಟ್ಟಿಗೆಯೂ ಅನಿಲವೂ ಸಾಲದೆ ಬಂದರೆ ಆ ಖರ್ಚು ನೇರವಾಗಿ ಸಾಲದ ಪುಸ್ತಕಕ್ಕೆ ಹೋಗುವದು. ಆದುದರಿಂದ ಇಂಧನದ ವಿಷಯದಲ್ಲಿ ಮುಂದಾಲೋಚನೆಯು ಕೇವಲ ನಾಲ್ಕು ಕಾಸಿನ ಉಳಿತಾಯದ ಮಾತಲ್ಲ. ಮಳೆಗಾಲದಲ್ಲಿ ಸಾಲವಿಲ್ಲದೆ ಇರುವದರ ಮಾತಾಗಿದೆ.

ಮೊದಲು ಮಾಡಬೇಕಾದ ವಿಂಗಡಣೆ

ಎಲ್ಲಕ್ಕೂ ಮೊದಲು ಮನೆಯ ಲೆಕ್ಕವನ್ನೂ ತೋಟದ ಲೆಕ್ಕವನ್ನೂ ಬೇರೆ ಬೇರೆ ಮಾಡಿಕೊಳ್ಳತಕ್ಕದ್ದು. ಕೆಂಪಡಿಕೆಯನ್ನು ಮಾಡುವ ಮನೆಗಳಲ್ಲಿ ಹಸಿ ಅಡಿಕೆಯನ್ನು ಸುಲಿದು, ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ ಒಣಗಿಸುವರು. ಇದಕ್ಕೆ ಬೇಕಾಗುವ ಕಟ್ಟಿಗೆಯು ಸ್ವಲ್ಪದ್ದಲ್ಲ. ಚಾಲಿಯನ್ನು ಮಾಡುವವರಿಗೆ ಬೇಯಿಸುವ ಗೋಜಿಲ್ಲ. ಹಣ್ಣಡಿಕೆಯನ್ನು ಸಿಪ್ಪೆಯ ಸಮೇತ ಬಿಸಿಲಿಗೆ ಒಣಗಿಸಿ ಸುಲಿಯುವದರಿಂದ ಅವರಿಗೆ ಒಣ ಸಿಪ್ಪೆಯು ಲಾಭವಾಗಿ ಉಳಿಯುವದು. ಅಡಿಕೆ ಬೇಯಿಸುವ ಕಟ್ಟಿಗೆಯ ಬೆಲೆಯು ಅಡಿಕೆಯ ಉತ್ಪಾದನೆಯ ಖರ್ಚಿಗೆ ಸೇರಬೇಕೇ ಹೊರತು ಅಡಿಗೆಮನೆಯ ಖರ್ಚಿಗಲ್ಲ. ಅದರಂತೆ ತೋಟದ ಪಂಪುಸೆಟ್ಟಿನ ಆರ್.ಆರ್. ನಂಬರು ಬೇರೆ, ಮನೆಯ ನಂಬರು ಬೇರೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತವಾಗಿದ್ದರೂ, ಕರೆಂಟು ಹೋದಾಗ ಓಡಿಸುವ ಡೀಸೆಲ್ ಎಂಜಿನ್ನಿನ ಎಣ್ಣೆಯು ಉಚಿತವಲ್ಲ. ಅದನ್ನು ತೋಟದ ಲೆಕ್ಕದಲ್ಲಿ ಬರೆಯಬೇಕು. ಎರಡನ್ನೂ ಕಲಸಿದ ಮನೆಗಳಲ್ಲಿ ತೋಟದ ಲಾಭವು ಇದ್ದುದಕ್ಕಿಂತ ಹೆಚ್ಚಾಗಿಯೂ, ಮನೆಯಾಕೆಯ ಖರ್ಚು ಇದ್ದುದಕ್ಕಿಂತ ಹೆಚ್ಚಾಗಿಯೂ ಕಾಣುವದು. ಇದರಿಂದ ಗೃಹಿಣಿಗೆ ಅನ್ಯಾಯವಾಗುವದೆಂಬದನ್ನು ಹೇಳಬೇಕಾಗಿಲ್ಲ.

ಮಳೆಗಾಲ

ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವದು; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ ಸುರಿದುಹೋಗುವದು. ಈ ನಾಲ್ಕು ತಿಂಗಳ ಬೆಂಕಿಯನ್ನು ಬೇಸಿಗೆಯಲ್ಲಿಯೇ ಕೂಡಿಟ್ಟಿರಬೇಕು. ಹಿರಿಯರು ಶಿವರಾತ್ರಿಯಿಂದ ಆರಂಭಿಸಿ ಮೊದಲ ಮಳೆಯೊಳಗೆ ಕಟ್ಟಿಗೆಯನ್ನು ಸೀಳಿ, ಒಣಗಿಸಿ, ಒಟ್ಟಿ ಇಡುತ್ತಿದ್ದುದು ಇದೇ ಕಾರಣಕ್ಕಾಗಿ.

ಒಣ ಕಟ್ಟಿಗೆಗೂ ಹಸಿ ಕಟ್ಟಿಗೆಗೂ ಇರುವ ಅಂತರವನ್ನು ಅನೇಕರು ಹೊಗೆಯಿಂದ ಮಾತ್ರ ಬಲ್ಲರು. ಲೆಕ್ಕದಿಂದ ಅರಿತವರು ಕಡಿಮೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ಪಾಲು ನೀರೇ ಇರುವದು. ಈ ನೀರನ್ನು ಆವಿಯಾಗಿ ಓಡಿಸಿದ ಹೊರತು ಕಟ್ಟಿಗೆಯು ಉರಿಯಲಾರದು. ಓಡಿಸುವದಕ್ಕೆ ಅದೇ ಕಟ್ಟಿಗೆಯ ಶಾಖವೇ ವೆಚ್ಚವಾಗಬೇಕು. ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ನೀರಿನ ಅಂಶವು ಐದರಲ್ಲೊಂದು ಪಾಲಿಗೆ ಇಳಿದಿರುವದು. ಆದುದರಿಂದ ಒಂದು ಕಿಲೋ ಹಸಿ ಕಟ್ಟಿಗೆಯು ಒಂದು ಕಿಲೋ ಒಣ ಕಟ್ಟಿಗೆಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಶಾಖವನ್ನು ಕೊಡುವದು. ಎರಡು ಹೊರೆಯಲ್ಲಿ ಆಗುವ ಕೆಲಸಕ್ಕೆ ನಾಲ್ಕು ಹೊರೆಯನ್ನು ಹೊತ್ತು ತರುವ ಶ್ರಮವು ಯಾರ ಹೆಗಲ ಮೇಲೆ ಬೀಳುವದು, ಆ ಹೊಗೆಯು ಯಾರ ಕಣ್ಣಿಗೂ ಶ್ವಾಸಕ್ಕೂ ಹೋಗುವದು ಎಂಬದನ್ನು ಮನೆಯ ಯಜಮಾನರು ಒಂದು ದಿವಸ ಒಲೆಯ ಮುಂದೆ ಕುಳಿತು ನೋಡಬೇಕು. ಕಟ್ಟಿಗೆಯ ಮನೆಗೆ ಒಳ್ಳೆಯ ಮಾಡನ್ನು ಹೊದಿಸುವದು ಮನೆಮಂದಿಯ ಆರೋಗ್ಯಕ್ಕಾಗಿ ಮಾಡುವ ಖರ್ಚೇ ಆಗಿದೆ.

ಈ ಭಾಗದ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಪೂರ್ವದಿಂದ ನಡೆದುಬಂದಿದೆ. ಸೊಪ್ಪು, ದರಕು, ಒಣ ಕಟ್ಟಿಗೆಗಳಿಗೆ ಅದೇ ಮೂಲ. ಆದರೆ ಬೆಟ್ಟವು ಬತ್ತದ ಬಾವಿಯಲ್ಲ. ಆದುದರಿಂದ ಬಚ್ಚಲೊಲೆಗೆ ಸೀಳಿದ ಕಟ್ಟಿಗೆಯನ್ನು ಹಾಕುವ ಬದಲು ಅಡಿಕೆಯ ಸಿಪ್ಪೆ, ತೆಂಗಿನ ಚಿಪ್ಪು, ಒಣಗಿದ ಸೋಗೆಯ ದಂಟು ಮೊದಲಾದವುಗಳನ್ನು ಉಪಯೋಗಿಸಿ, ಗಟ್ಟಿ ಕಟ್ಟಿಗೆಯನ್ನು ಅಡಿಗೆಗಾಗಿ ಕಾದಿಡುವದು ಯೋಗ್ಯವಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯ ಹೆಸರನ್ನು ನಮ್ಮ ವಾಚಕರಲ್ಲಿ ಬಹುಜನರು ಕೇಳಿರಬಹುದು. ಒಂದೇ ಉರಿಯಲ್ಲಿ ಹಲವು ಪಾತ್ರೆಗಳನ್ನು ಕಾಯಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನ ಹೊರಗೆ ಕಳಿಸುವ ಈ ಒಲೆಯ ತತ್ತ್ವವನ್ನು ಬಚ್ಚಲೊಲೆಗೂ ಅನ್ವಯಿಸಿದ್ದಾರೆ. ಹಳೆಯ ಒಲೆಯನ್ನು ಒಡೆದು ಹೊಸದಾಗಿ ಕಟ್ಟಿಸುವವರು ಹೊಗೆಕೊಳವೆಯನ್ನು ಬಿಡಬಾರದು. ಕಟ್ಟಿಸಿದ ಮೇಲೆ ಅದರೊಳಗಿನ ಮಸಿಯನ್ನು ಆಗಾಗ ತೆಗೆಸಲು ಮರೆಯಬಾರದು.

ಪಟ್ಟಣದ ಮನೆಗಳಲ್ಲಿ ಬಚ್ಚಲೊಲೆಯು ಹೋಗಿ ವಿದ್ಯುತ್ತಿನ ಗೀಸರು ಬಂದಿದೆ. ಅದರ ಖರ್ಚನ್ನು ಹೀಗೆ ಅಂದಾಜು ಮಾಡಬಹುದು: ಇಪ್ಪತ್ತು ಲೀಟರಿನ ಒಂದು ಕೊಡಪಾನ ನೀರಿನ ಉಷ್ಣತೆಯನ್ನು ೨೦ ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿಸಲು ಅರ್ಧ ಯೂನಿಟ್ಟಿಗೆ ಕೊಂಚ ಕಡಿಮೆ ವಿದ್ಯುತ್ತು ಬೇಕು. ಐದು ಜನರ ಸಂಸಾರದಲ್ಲಿ ದಿನಕ್ಕೆ ತಲೆಗೊಂದರಂತೆ ಇಷ್ಟು ನೀರು ಕಾಯಿಸಿದರೆ ತಿಂಗಳಿಗೆ ಸುಮಾರು ೭೦ ಯೂನಿಟ್ಟಾಗುವದು. ಸೌರ ಹೀಟರಿದ್ದ ಮನೆಗಳಲ್ಲಿಯೂ ಈ ಖರ್ಚು ಮಳೆಗಾಲದಲ್ಲಿ ತಪ್ಪಲಾರದು. ಮೋಡ ಕವಿದ ದಿನಗಳಲ್ಲಿ ಸೂರ್ಯನನ್ನು ನಂಬಿ ಸ್ನಾನಕ್ಕೆ ಕೂಡುವ ಹಾಗಿಲ್ಲ. ಹಳ್ಳಿಯ ಮನೆಗಳವರು ಸೌರ ಹೀಟರನ್ನು ಹಾಕಿಸಿದರೂ ಹಂಡೆಯನ್ನು ಮಾರದೆ ಇಟ್ಟುಕೊಳ್ಳುವದು ಒಳ್ಳೆಯದು.

ಇನ್ನು ಮಳೆಗಾಲದಲ್ಲಿ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಲ್ಲುವದು ಸರ್ವಸಾಧಾರಣ. ಇದಕ್ಕಾಗಿ ಇನ್ವರ್ಟರನ್ನು ಇಟ್ಟುಕೊಂಡವರು ಎರಡು ಸಂಗತಿಗಳನ್ನು ನೆನಪಿಡಬೇಕು. ಬ್ಯಾಟರಿಗೆ ತುಂಬಿದ ವಿದ್ಯುತ್ತೆಲ್ಲವೂ ಹಿಂದಿರುಗಿ ಬರುವದಿಲ್ಲ. ಅದರಲ್ಲಿ ಒಂದು ಪಾಲು ನಷ್ಟವಾಗಿಯೇ ಹೋಗುವದು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಯನ್ನು ಬದಲಿಸಬೇಕಾಗುವದರಿಂದ ಅದರ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ಪ್ರತಿವರ್ಷದ ಲೆಕ್ಕದಲ್ಲಿ ಸೇರಿಸತಕ್ಕದ್ದು. ಅಡಿಗೆಯ ಅನಿಲದ ಸಿಲಿಂಡರಿನ ಗಾಡಿಯು ಒಳಹಳ್ಳಿಗಳಿಗೆ ಮಳೆಯಲ್ಲಿ ಬರುವದು ಕಷ್ಟವಾದ್ದರಿಂದ ಮೇ ತಿಂಗಳ ಕೊನೆಗೆ ಒಂದು ತುಂಬಿದ ಸಿಲಿಂಡರು ಮನೆಯಲ್ಲಿರುವಂತೆ ನೋಡಿಕೊಳ್ಳುವದು ಜಾಣತನ.

ಕೊಯ್ಲು ಮತ್ತು ಚಳಿಗಾಲ

ದೀಪಾವಳಿ ಕಳೆಯುತ್ತಲೇ ಕೊಯ್ಲಿನ ಗಡಿಬಿಡಿ. ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುವ ಕೆಲಸ ನಡೆಯುವದರಿಂದ ಅಂಗಳದ ದೀಪಗಳು ಉರಿಯುವವು, ಆಳುಕಾಳುಗಳಿಗೆ ಚಹಾ-ತಿಂಡಿಗಳಾಗಬೇಕು, ಅಡಿಗೆಯು ಎರಡು ಪಟ್ಟಾಗುವದು. ಈ ಹೆಚ್ಚಿನ ಅನಿಲವನ್ನೂ ತೋಟದ ಲೆಕ್ಕದಲ್ಲಿಯೇ ಹಿಡಿಯಬೇಕೆಂದು ನಮ್ಮ ಅಭಿಪ್ರಾಯ. ಶಿರಸಿ ಪಟ್ಟಣದಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ದೇವಿಯ ಜಾತ್ರೆಯು ಕೂಡುವದು. ಜಾತ್ರೆಯ ವರ್ಷ ನೆಂಟರಿಷ್ಟರಿಂದ ಮನೆಗಳು ತುಂಬುವವು. ಆ ವರ್ಷದ ಅಂದಾಜಿನಲ್ಲಿ ಒಂದು ಸಿಲಿಂಡರನ್ನು ಹೆಚ್ಚಿಗೆ ಬರೆದಿಟ್ಟರೆ ಅತಿಥಿಗಳ ಮುಂದೆ ಮುಖ ಬಾಡಿಸುವ ಪ್ರಸಂಗ ಬರಲಾರದು.

ಗೋಬರ್ ಗ್ಯಾಸಿನ ಲೆಕ್ಕ

ಶಿರಸಿಯ ಕಡೆಯ ಮನೆಗಳು ಗೋಬರ್ ಗ್ಯಾಸಿನ ವಿಷಯದಲ್ಲಿ ದೇಶಕ್ಕೆ ಮಾದರಿಯಾಗಿವೆ ಎಂದರೆ ಅತಿಶಯೋಕ್ತಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ತಾಲೂಕಿನಲ್ಲಿ ಗೋಬರ್ ಗ್ಯಾಸು ಹರಡಿದ ಬಗೆಯನ್ನು ಯಶಸ್ಸಿನ ಕಥೆಯೆಂದೇ ವರ್ಣಿಸಿದ್ದಾರೆ. ಬೇರೆ ಕಡೆಗಳಲ್ಲಿ ಕಟ್ಟಿಸಿದ ಎಷ್ಟೋ ಗುಂಡಿಗಳು ಹಾಳುಬಿದ್ದಿರಲು, ಇಲ್ಲಿಯವು ನಡೆಯುತ್ತಿದ್ದವು. ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವ ಆಸಕ್ತಿಯೂ, ತೋಟಕ್ಕೆ ಗೊಬ್ಬರದ ಅಗತ್ಯವೂ, ಕೊಟ್ಟಿಗೆಯಲ್ಲಿ ದನಗಳೂ ಇದ್ದುದು ಇದಕ್ಕೆ ಕಾರಣಗಳು.

ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ ಸುಮಾರು ಐವತ್ತು ಕಿಲೋ ಸಗಣಿಯು, ಅಷ್ಟೇ ನೀರು ಕೂಡಿಸಿ, ಬೇಕಾಗುವದು. ಒಂದು ಘನಮೀಟರು ಅನಿಲವು ಹೆಚ್ಚು ಕಡಿಮೆ ೪೫೦ ಗ್ರಾಂ ಸಿಲಿಂಡರಿನ ಅನಿಲಕ್ಕೆ ಸಮ. ಪೂರ್ಣ ಉತ್ಪನ್ನವು ಬಂದರೆ ೧೪.೨ ಕಿಲೋದ ಒಂದು ಸಿಲಿಂಡರಿನಷ್ಟು ಶಾಖವು ಹದಿನಾರು ದಿವಸಗಳಲ್ಲಿ ದೊರೆತಂತಾಯಿತು. ಆದರೆ ಈ ಅನಿಲವೂ ಋತುವಿಗೆ ತಕ್ಕಂತೆ ಏರಿಳಿಯುವದು. ಸಗಣಿಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ೩೫ ಡಿಗ್ರಿಯ ಸುಮಾರಿನ ಬೆಚ್ಚಗಿನ ಸ್ಥಿತಿಯು ಹಿತ. ಡಿಸೆಂಬರ-ಜನೆವರಿಯ ಚಳಿಯಲ್ಲಿ ಅವು ಮಂದವಾಗುವವು. ಮಳೆಗಾಲದಲ್ಲಿ ಗುಂಡಿಯ ಬಾಯಿಯೊಳಗೆ ಮಳೆನೀರು ಹೊಕ್ಕರೆ ಸಗಣಿ ತೆಳ್ಳಗಾಗಿ ಅನಿಲವು ಕುಗ್ಗುವದು. ಬಾಯಿಗಳ ಮೇಲೆ ಚಿಕ್ಕದೊಂದು ಮಾಡು ಹಾಕುವದು, ಚಳಿಯಲ್ಲಿ ಬಿಸಿಲೇರಿದ ಮೇಲೆ ಸಗಣಿಯನ್ನು ಕಲಸಿ ಬಿಡುವದು, ಸಾಧ್ಯವಾದರೆ ಬೆಚ್ಚಗಿನ ನೀರನ್ನು ಕೂಡಿಸುವದು ಇವು ಖರ್ಚಿಲ್ಲದ ಉಪಾಯಗಳು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈಗ ಅನೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರು ಮೊದಲಾದ ಊರುಗಳಲ್ಲಿ ಉದ್ಯೋಗದಲ್ಲಿದ್ದು, ಹಳ್ಳಿಯ ಮನೆಯಲ್ಲಿ ವಯಸ್ಸಾದ ತಂದೆ-ತಾಯಿಗಳಿಬ್ಬರೇ ಉಳಿದಿರುವರು. ಸಗಣಿ ಬಾಚುವ ಶಕ್ತಿ ಇಲ್ಲದೆ ದನಗಳನ್ನು ಒಂದೊಂದಾಗಿ ಕೊಟ್ಟುಬಿಡುವ ದಿನ ಬರುವದು. ಆ ದಿನ ಹಾಲಿನ ಖರ್ಚನ್ನು ಎಲ್ಲರೂ ಎಣಿಸುವರು. ಅನಿಲದ ಖರ್ಚನ್ನು ಎಣಿಸುವವರಿಲ್ಲ. ಕೊಟ್ಟಿಗೆ ಬರಿದಾದ ವರ್ಷವೇ ಅಡಿಗೆಯೆಲ್ಲ ಸಿಲಿಂಡರಿಗೆ ಬೀಳುವದು, ಕಟ್ಟಿಗೆ ಸೀಳುವವರಿಲ್ಲದೆ ಬಿಸಿನೀರು ಗೀಸರಿಗೆ ಬೀಳುವದು, ತೋಟಕ್ಕೆ ಗೊಬ್ಬರವನ್ನು ಕೊಳ್ಳಬೇಕಾಗುವದು. ಸ್ವಾಭಿಮಾನಿಗಳಾದ ಹಿರಿಯರು ಇದನ್ನು ಮಕ್ಕಳಿಗೆ ಹೇಳದೆ, ಎರಡು ಹೊತ್ತಿನ ಅಡಿಗೆಯನ್ನು ಒಂದೇ ಹೊತ್ತು ಮಾಡಿಯೋ, ತಣ್ಣೀರಿನಲ್ಲಿ ಮಿಂದೋ ದಿನ ಕಳೆಯಬಹುದು. ಊರಿಗೆ ಬಂದ ಮಗನಾಗಲಿ ಮಗಳಾಗಲಿ ಔಷಧದ ಚೀಟಿಯನ್ನು ಕೇಳುವಂತೆಯೇ ಸಿಲಿಂಡರಿನ ಪುಸ್ತಕವನ್ನೂ ವಿದ್ಯುತ್ತಿನ ಬಿಲ್ಲನ್ನೂ ಕೇಳಿ ನೋಡುವದು ಅವರ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಬೇಸಿಗೆ ಮತ್ತು ವಿದ್ಯುತ್ತು

ವಿದ್ಯುತ್ತಿಗೆ ನಮ್ಮ ಸೀಮೆಯೇ ತವರು. ಸಿದ್ದಾಪುರದ ಗಡಿಯಲ್ಲಿ ಧುಮುಕುವ ಶರಾವತಿಯ ನೀರಿನಿಂದ ಜೋಗದ ವಿದ್ಯುದಾಗಾರವು ೧೯೪೮ರ ಸುಮಾರಿಗೆ ಕೆಲಸಕ್ಕೆ ತೊಡಗಿತು. ಕಾಳೀನದಿಗೆ ಕಟ್ಟಿದ ಅಣೆಗಳಲ್ಲಿ ಕೊಡಸಳ್ಳಿಯದು ಯಲ್ಲಾಪುರ ತಾಲೂಕಿನಲ್ಲಿದೆ. ತವರಿನವರೆಂದು ದರದಲ್ಲಿ ರಿಯಾಯಿತಿಯೇನೂ ಇಲ್ಲ. ೨೦೦೨ರಲ್ಲಿ ಹುಟ್ಟಿದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಹೆಸ್ಕಾಂನ, ಬಿಲ್ಲು ಎಲ್ಲರಿಗೂ ಒಂದೇ.

೨೦೨೩ರ ಜುಲೈ ತಿಂಗಳ ಬಳಕೆಯಿಂದ ರಾಜ್ಯ ಸರಕಾರವು ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ಇದರ ನಿಯಮವನ್ನು ಸರಿಯಾಗಿ ತಿಳಿಯದವರು ಬೇಸಿಗೆಯಲ್ಲಿ ಬೆಚ್ಚುವರು. ೨೦೨೨-೨೩ನೆಯ ವರ್ಷದ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿದ ಯೂನಿಟ್ಟುಗಳು ಮನೆಯ ಉಚಿತ ಪಾಲು. ಪಾಲನ್ನು ಮೀರಿದರೂ ೨೦೦ ಯೂನಿಟ್ಟಿನೊಳಗಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ ಕೊಡಬೇಕು. ೨೦೦ನ್ನು ದಾಟಿದರೆ ಪೂರ್ಣ ಬಿಲ್ಲನ್ನೇ ತೆರಬೇಕು. ಒಂದು ತಿಂಗಳು ಉಳಿಸಿದ ಯೂನಿಟ್ಟು ಮುಂದಿನ ತಿಂಗಳಿಗೆ ಜಮೆಯಾಗುವದಿಲ್ಲ.

ಉದಾಹರಣೆಗಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದ ನಾಲ್ಕು ತಿಂಗಳು ೭೦ರಂತೆ, ಚಳಿಗಾಲದ ನಾಲ್ಕು ತಿಂಗಳು ೮೦ರಂತೆ, ಬೇಸಿಗೆಯ ನಾಲ್ಕು ತಿಂಗಳು ೧೫೦ರಂತೆ ಯೂನಿಟ್ಟು ಖರ್ಚಾದರೆ ವರ್ಷಕ್ಕೆ ೧,೨೦೦. ತಿಂಗಳ ಸರಾಸರಿ ೧೦೦. ಉಚಿತ ಪಾಲು ೧೧೦. ಮಳೆಗಾಲದಲ್ಲಿ ಪ್ರತಿ ತಿಂಗಳು ೪೦ ಯೂನಿಟ್ಟು ಬಳಸದೆ ಹೋದರೂ, ಬೇಸಿಗೆಯಲ್ಲಿ ಪ್ರತಿ ತಿಂಗಳು ೪೦ ಯೂನಿಟ್ಟಿಗೆ ಹಣ ಕೊಡಲೇಬೇಕು. ಲೆಕ್ಕದ ಅನುಕೂಲಕ್ಕಾಗಿ ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ, ಇತರ ಆಕಾರಗಳನ್ನು ಬಿಟ್ಟು, ನಾಲ್ಕು ತಿಂಗಳಿಗೆ ೯೬೦ ರೂಪಾಯಿ. ಇದೇ ಮನೆಯು ನೆಂಟರು ಬಂದ ತಿಂಗಳಲ್ಲಿ ೧೯೯ ಯೂನಿಟ್ಟು ಉರಿಸಿದರೆ ೫೩೪ ರೂಪಾಯಿ; ೨೦೫ ಉರಿಸಿದರೆ ೧,೨೩೦ ರೂಪಾಯಿ. ಆರು ಯೂನಿಟ್ಟಿನ ಅಜಾಗ್ರತೆಗೆ ೬೯೬ ರೂಪಾಯಿ ದಂಡ! ತಿಂಗಳಿಗೆ ಎರಡು ಬಾರಿ, ಹತ್ತನೆಯ ದಿನ ಒಮ್ಮೆ, ಇಪ್ಪತ್ತನೆಯ ದಿನ ಒಮ್ಮೆ, ಮೀಟರಿನ ಅಂಕೆಯನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡುವ ಮನೆಗೆ ಈ ದಂಡ ಬೀಳಲಾರದು. ಈ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿದರೆ ಅವರಿಗೆ ಗಣಿತವೂ ಬಂದಂತಾಗುವದು.

ಬೇಸಿಗೆಯ ಏರಿಕೆಗೆ ಮುಖ್ಯ ಕಾರಣವು ಪಂಖಗಳು. ೭೦ ವ್ಯಾಟಿನ ಮೂರು ಪಂಖಗಳು ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ ೬೩ ಯೂನಿಟ್ಟು. ಈಚೆಗೆ ಬಂದಿರುವ ಬಿ.ಎಲ್.ಡಿ.ಸಿ. ಎಂಬ ಜಾತಿಯ ಪಂಖಗಳು ಇದರ ಅರ್ಧದಷ್ಟರಲ್ಲಿಯೇ ಅದೇ ಗಾಳಿಯನ್ನು ಕೊಡುವವು. ಬಾವಿಯ ನೀರು ಕೆಳಗಿಳಿದಂತೆ ಮನೆಯ ಮೋಟಾರು ಹೆಚ್ಚು ಹೊತ್ತು ಓಡಬೇಕಾಗುವದನ್ನೂ ಗಮನಿಸತಕ್ಕದ್ದು. ೨೦೨೪ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮಾಡಿನ ಮೇಲಿನ ಮೂರು ಕಿಲೋವ್ಯಾಟಿನ ಸೌರಫಲಕಗಳಿಗೆ ೭೮,೦೦೦ ರೂಪಾಯಿಗಳ ಸಹಾಯಧನವುಂಟು. ಆದರೆ ತೋಟದ ನೆರಳಿನಲ್ಲಿರುವ ಮನೆಗಳೂ, ಈಗಾಗಲೇ ಬಹುತಿಂಗಳು ಸೊನ್ನೆ ಬಿಲ್ಲು ಬರುವ ಮನೆಗಳೂ ಮಾರುವವರ ಮಾತನ್ನು ಕೇಳಿ ಅವಸರ ಮಾಡದೆ, ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಿಶ್ಚಯಿಸುವದು ಮೇಲು.

ಅಂದಾಜುಪಟ್ಟಿಯನ್ನು ಮಾಡುವ ಕ್ರಮ

ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳುಗಳ ಹೆಸರನ್ನು ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಅಂಕಣಗಳನ್ನು ಎಳೆಯಿರಿ: ವಿದ್ಯುತ್ತಿನ ಯೂನಿಟ್ಟು, ಸಿಲಿಂಡರು, ಕಟ್ಟಿಗೆ, ಇತರ. ಬೆಲೆಗಳು ಬದಲಾಗುತ್ತಲಿರುವದರಿಂದ ಮೊದಲು ಹಣವನ್ನು ಬರೆಯದೆ ಪ್ರಮಾಣವನ್ನೇ ಬರೆಯಿರಿ. ಆ ಮೇಲೆ ಅಂದಿನ ದರದಿಂದ ಗುಣಿಸಿರಿ. ಕಟ್ಟಿಗೆಯು ಬೆಟ್ಟದ್ದೇ ಆದರೂ ಸೀಳುವ ಕೂಲಿಯನ್ನೂ, ತರುವ ಗಾಡಿಯ ಬಾಡಿಗೆಯನ್ನೂ ಬಿಡಬೇಡಿರಿ. ಮೊದಲನೆಯ ವರ್ಷದ ಅಂದಾಜು ತಪ್ಪಿದರೆ ಚಿಂತೆಯಿಲ್ಲ. ಎರಡನೆಯ ವರ್ಷ ಅದೇ ದಾರಿ ತೋರುವದು.

ಹಣವನ್ನು ತೆಗೆದಿಡುವ ಕ್ರಮವು ಆದಾಯದ ಬಗೆಯ ಮೇಲಿದೆ. ತಿಂಗಳ ಸಂಬಳದವರು ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಬಿಲ್ಲು ಸೊನ್ನೆಯಾದ ತಿಂಗಳಲ್ಲಿಯೂ ಆ ಭಾಗವನ್ನು ಬೇರೆಯಾಗಿ ಇಡಬೇಕು. ತೋಟಿಗರು ಅಡಿಕೆಯ ಹಣವು ಖಾತೆಗೆ ಬಂದಾಗಲೇ ವರ್ಷದ ಇಂಧನದ ಹಣವನ್ನು ಒಮ್ಮೆಲೆ ಬೇರ್ಪಡಿಸಿ, ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಠೇವಣಿ ಇಟ್ಟು, ಅದಕ್ಕೆ ಬೇರೆ ಕಾರಣಕ್ಕಾಗಿ ಕೈ ಹಚ್ಚಬಾರದು. ಈ ಹಣದ ವಹಿವಾಟು ಗೃಹಿಣಿಯ ಕೈಯಲ್ಲಿಯೇ ಇರಬೇಕೆಂಬದು ನಮ್ಮ ಸೂಚನೆ. ಒಲೆಯ ಮುಂದೆ ನಿಲ್ಲುವವರಿಗಿಂತ ಒಲೆಯ ಲೆಕ್ಕವನ್ನು ಚೆನ್ನಾಗಿ ಬಲ್ಲವರು ಮನೆಯಲ್ಲಿ ಮತ್ತಾರು?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಾಸಿಗೆಯ ಉದ್ದವನ್ನು ಮೊದಲು ಅಳೆದುಕೊಂಡವರಿಗೆ ಆ ಗಾದೆಯಂತೆ ನಡೆಯುವದು ಸುಲಭ. ಬರುವ ಮಳೆಗಾಲದ ಮೊದಲು ನಮ್ಮ ವಾಚಕರು ತಂತಮ್ಮ ಮನೆಗಳಲ್ಲಿ ಇಂಥದೊಂದು ಹಾಳೆಯನ್ನು ಬರೆದು, ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸುವರೆಂದು ಆಶಿಸುತ್ತೇವೆ.